ಕಾರಂಜಿಯಲ್ಲಿ ನೆಂದ ಕಾಗದ

ಮೂವತ್ತನಾಲ್ಕು ವರ್ಷ ನಾನು ಮೊಂತ್ರಾವೊ ಊರಿನ ಪ್ರತಿ ಬಾಗಿಲನ್ನೂ ತಟ್ಟಿದ್ದೇನೆ. ಆದರೆ ಒಂದು ಬಾಗಿಲಿನ ಮೇಲಾದರೂ ಏನು ಕೆತ್ತಿದ್ದಾರೆ ಅಂತ ಕತ್ತೆತ್ತಿ ನೋಡಿದವನಲ್ಲ. ಅಂಚೆಯವನ ಕಣ್ಣಿಗೆ ಕೆಲಸವೆಲ್ಲ ಕೆಳಗೇ. ಯಾವ ಮೆಟ್ಟಿಲು ಸಡಿಲ, ಯಾವ ನಾಯಿ ಕಟ್ಟಿಲ್ಲ, ಯಾವ ಪೆಟ್ಟಿಗೆಯ ಸೀಳಿಗೆ ಬೆರಳು ಸಿಕ್ಕಿಕೊಳ್ಳುತ್ತದೆ, ಇಷ್ಟು ಗೊತ್ತಿದ್ದರೆ ಸಾಕು. ಹಾಗಾಗಿ ನಿವೃತ್ತಿಯಾದ ಮರುತಿಂಗಳೇ ನನ್ನನ್ನು ಊರು ತೋರಿಸುವ ಕೆಲಸಕ್ಕೆ ಹಾಕಿದ್ದು ಎಷ್ಟು ದೊಡ್ಡ ತಪ್ಪು ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಒಪ್ಪಿಕೊಂಡೆ. ಯಾಕೆಂದರೆ ಹೆಂಡತಿ ಲೆತಿತ್ಸಿಯಾ ನನ್ನನ್ನು ಅಡುಗೆಮನೆಯಿಂದ ಓಡಿಸಲು ಕಾಯುತ್ತಿದ್ದಳು.

"ಬೆಳಗ್ಗೆಯಿಂದ ಮೂರು ಸಲ ಸಾರಿನ ಮುಚ್ಚಳ ತೆಗೆದು ನೋಡಿದ್ದೀಯ. ಅದೇನು ಓಡಿ ಹೋಗುತ್ತಾ? ಹೋಗು, ಮಾರಿನೆಲ್ಲಾ ಕರೀತಿದ್ದಾಳಲ್ಲ, ಚರ್ಚು ತೋರಿಸು, ಚೌಕ ತೋರಿಸು, ಏನಾದರೂ ತೋರಿಸು. ನನಗೆ ಮಾತ್ರ ಮುಖ ತೋರಿಸಬೇಡ!"

ಮಾರಿನೆಲ್ಲಾ ಅಂದರೆ ನಮ್ಮ ಊರ ಗೆಳೆಯರ ಸಂಘದ ಅಧ್ಯಕ್ಷೆ, ಹಳೇ ಶಾಲಾ ಟೀಚರು. ಭಾನುವಾರ ಬೊಲೋನ್ಯಾದಿಂದಲೋ ಪೇಸರೊದಿಂದಲೋ ಬಸ್ಸಿನಲ್ಲಿ ಬರುವವರಿಗೆ ಸಂತ ಬಿಯಾಜಿಯೊ ಚರ್ಚು, ದೊಡ್ಡ ಚೌಕ, ಬ್ರಾಂಕುಚ್ಚಿ ಅರಮನೆ, ಈ ಮೂರನ್ನು ತೋರಿಸಿ ಕಳಿಸಬೇಕು. ಅದಕ್ಕೆಂದು ನಲವತ್ತು ಪುಟ ಟೈಪು ಮಾಡಿಸಿ ಕೊಟ್ಟಳು. ಹದಿನೈದು ದಿನ ಹಾಸಿಗೆಯಲ್ಲಿ, ಕಕ್ಕಸಿನಲ್ಲಿ, ಕಾಫಿ ಅಂಗಡಿಯಲ್ಲಿ ಅದನ್ನೇ ಓದಿದೆ. ಹದಿನಾರನೇ ದಿನ ಚರ್ಚಿನ ಒಳಗೆ ಇಪ್ಪತ್ತೆಂಟು ಜನರ ಮುಂದೆ ನಿಂತಾಗ ನಲವತ್ತೂ ಪುಟ ತಲೆಯಿಂದ ಒಟ್ಟಿಗೆ ಎದ್ದು ಹೊರಟುಹೋದವು.

ಸಂತ ಬಿಯಾಜಿಯೊ ಚಿತ್ರದಲ್ಲಿ ಕಬ್ಬಿಣದ ಬಾಚಣಿಗೆ ಹಿಡಿದಿದ್ದಾನೆ. ಅದನ್ನು ತೋರಿಸಿ, "ಇವನು ಕುದುರೆಗಳ ಮೈ ಉಜ್ಜುವವನಾಗಿದ್ದ, ಪ್ರಾಣಿಗಳ ಮೇಲೆ ಬಹಳ ಪ್ರೀತಿ" ಅಂದೆ.

ಮುಂದೆ ನಿಂತಿದ್ದ ಕನ್ನಡಕದ ಹೆಂಗಸು ಮೆತ್ತಗೆ, "ಸ್ವಾಮಿ, ಅದು ಅವನ ಚರ್ಮ ಸುಲಿದ ಬಾಚಣಿಗೆ" ಅಂದಳು.

ಹೊರಗೆ ಬಂದು ಮಾನ ಉಳಿಸಿಕೊಳ್ಳೋಣ ಅಂತ, ಚೌಕದ ಕಲ್ಲುಹಾಸು ಎಂಟುನೂರು ವರ್ಷ ಹಳೆಯದು ಅಂದುಬಿಟ್ಟೆ. ದಿನಸಿ ಅಂಗಡಿಯ ಬಾಗಿಲಲ್ಲಿ ಹಂದಿಮಾಂಸದ ಸಾಸೇಜು ಕತ್ತರಿಸುತ್ತಿದ್ದ ಕ್ವಿಂತೊ ಅಲ್ಲಿಂದಲೇ ಕೂಗಿದ: "ಏ ಎಲ್ಪಿದಿಯೊ! ಎಪ್ಪತ್ತನಾಲ್ಕರಲ್ಲಿ ಅದನ್ನ ಹಾಸಿದ್ದು ನಮ್ಮ ಮಾವ ಕಣೋ! ನೀನೂ ಸಿಮೆಂಟು ತುಳಿದು ಬೈಸಿಕೊಂಡಿದ್ದೆ, ಮರೆತುಹೋಯ್ತಾ?"

ಇಪ್ಪತ್ತೆಂಟು ಜನರೂ ನಕ್ಕರು. ಬ್ರಾಂಕುಚ್ಚಿ ಅರಮನೆಯ ಅಂಗಳ ತಲುಪುವ ಹೊತ್ತಿಗೆ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಯಾರು ಕಟ್ಟಿಸಿದರು, ಯಾಕೆ ಕಟ್ಟಿಸಿದರು, ಒಂದೂ ನೆನಪಿಲ್ಲ. ಬಾಯಿ ತೆರೆದೆ, ಬಂದದ್ದು ಇಷ್ಟು: "ಇಲ್ಲಿ, ಈ ಮೂರನೇ ಕಂಬದ ಹತ್ತಿರ, ನನಗೆ ನಾಯಿ ಕಚ್ಚಿತು. ಎರಡು ಸಲ. ಒಂದೇ ನಾಯಿ."

ಆ ಜನ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಕಿವಿಗೊಟ್ಟು ಕೇಳಿದರು. ಎಲ್ಲಿ ಕಚ್ಚಿತು ಅಂದರು. ತೋರಿಸುವ ಜಾಗವಲ್ಲ ಅಂದೆ. ಅಲ್ಲಿಂದ ನನ್ನ ದಾರಿ ಬದಲಾಯಿತು. ಮಾರಿನೆಲ್ಲಾಳ ಪುಟಗಳನ್ನು ಡ್ರಾಯರಿಗೆ ಹಾಕಿ, ನಾನು ಬಿದ್ದ ಮೆಟ್ಟಿಲು, ನಾನು ಸಿಕ್ಕಿಬಿದ್ದ ಗೇಟು, ಪಾದ್ರಿಗೆ ಬಂದ ಪಾರ್ಸೆಲನ್ನು ಕಟುಕನಿಗೆ ಕೊಟ್ಟ ದಿನ, ಇವನ್ನೇ ಊರಿನ ಇತಿಹಾಸ ಮಾಡಿಕೊಂಡೆ. ಒಂದು ನಿಯಮ ಇಟ್ಟುಕೊಂಡಿದ್ದೆ: ಬೇರೆಯವರ ಕಾಗದದ ವಿಷಯ ಎತ್ತಬಾರದು. ನನ್ನನ್ನು ಎಷ್ಟು ಬೇಕಾದರೂ ಆಡಿಕೊಳ್ಳಬಹುದು, ಅದರಲ್ಲಿ ಸರಕಿಗೆ ಕೊರತೆಯಿರಲಿಲ್ಲ.

ಎರಡನೇ ವರ್ಷದ ಮೇ ತಿಂಗಳಲ್ಲಿ ಆ ನಿಯಮ ಮುರಿದೆ. ಹೆಚ್ಚು ನಗು ಬೇಕೆಂಬ ದುರಾಸೆ, ಬೇರೇನೂ ಅಲ್ಲ. ಮೂವತ್ತು ಜನ ಅರಮನೆಯ ಅಂಗಳದಲ್ಲಿ ನಿಂತಿದ್ದರು. ಅರಮನೆ ಅನ್ನುವುದು ಹೆಸರಿಗೆ ಮಾತ್ರ; ಅರ್ಧ ಸೂರು ಪಾರಿವಾಳಗಳದ್ದು, ಉಳಿದರ್ಧ ಊರೆಲ್ಲ ಸಿಞೋರಾ, ಅಂದರೆ ಅಮ್ಮಾವ್ರು, ಅಂತ ಕರೆಯುವ ಎರ್ಮೆಲಿಂದಾ ಬ್ರಾಂಕುಚ್ಚಿಯವರದ್ದು. ಎಂಬತ್ತಮೂರು ವಯಸ್ಸು, ಮೇಲಿನ ಮಹಡಿಯಲ್ಲಿ ಒಬ್ಬರೇ ವಾಸ. ಸಂತೆಯ ಸೊಪ್ಪು ತರಕಾರಿಯನ್ನು ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಕಿಟಕಿಗೆ ಎಳೆದುಕೊಳ್ಳುತ್ತಿದ್ದರು. ಕಿವಿ ಕೇಳುವುದಿಲ್ಲ ಅಂತ ಊರೆಲ್ಲ ನಂಬಿತ್ತು. ನಾನೂ ನಂಬಿದ್ದೆ.

"ಎಂಬತ್ತೊಂದನೇ ಇಸವಿ, ಫೆಬ್ರವರಿ" ಅಂತ ಶುರು ಮಾಡಿದೆ. "ಚೌಕದ ಕಾರಂಜಿಯ ಸುತ್ತ ಮಂಜುಗಡ್ಡೆ. ನಾನು ಕಾಫಿಗೆ ಸೋಂಪಿನ ಸಾರಾಯಿ ಸ್ವಲ್ಪ ಜಾಸ್ತಿಯೇ ಹಾಕಿಸಿಕೊಂಡಿದ್ದೆ. ಕಾಲು ಜಾರಿತು. ಚೀಲದ ಸಮೇತ ಕಾರಂಜಿಯ ತೊಟ್ಟಿಗೆ! ಮೀನುಗಳು ನನ್ನನ್ನು ನೋಡಿದ ರೀತಿ ನಾನಿನ್ನೂ ಮರೆತಿಲ್ಲ. ಎದ್ದವನೇ ಚರ್ಚಿಗೆ ಓಡಿದೆ. ಅಲ್ಲಿದ್ದ ತೂಲ್ಲಿಯೊ, ಗಂಟೆ ಬಾರಿಸುವವನು, ಈಗಿಲ್ಲ ಪಾಪ, ಇಬ್ಬರೂ ಸೇರಿ ಊರಿನ ಕಾಗದಗಳನ್ನೆಲ್ಲ ಪ್ರಾರ್ಥನೆಯ ಬೆಂಚುಗಳ ಮೇಲೆ ಹರಡಿದೆವು. ಆಮೇಲೆ ಅವನು ವೇದಿಕೆಯ ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆ ತಂದು ಒಂದೊಂದನ್ನೇ ಇಸ್ತ್ರಿ ಮಾಡಿದ. ಎಲ್ಲ ಅಚ್ಚಾದ ಬಿಲ್ಲುಗಳು, ಏನೂ ಆಗಲಿಲ್ಲ. ಒಂದೇ ಒಂದು ಮಾತ್ರ ಶಾಯಿಪೆನ್ನಿನಲ್ಲಿ ಬರೆದದ್ದು. ಅದು ಪೂರ್ತಿ ನೀಲಿ ಮೋಡ! ಅದು ಇದೇ ಮನೆಗೆ ಬಂದ ಕಾಗದ. ಲಕೋಟೆ ಅಂಟಿಸಿ, ಏನೂ ಆಗದವನ ಹಾಗೆ ಕೊಟ್ಟು ಹೋದೆ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನ ಮೇಲಿಂದ ಕಿಟಕಿ ತೆರೆದ ಸದ್ದು.

"ಎಲ್ಪಿದಿಯೊ! ಅಲ್ಲೇ ನಿಲ್ಲು. ಒಂದು ಹೆಜ್ಜೆ ಅಲ್ಲಾಡಿದರೆ ಹೂಕುಂಡ ತಲೆ ಮೇಲೆ ಬೀಳುತ್ತೆ. ಬರ್ತಿದ್ದೀನಿ."

ಆ ಮೆಟ್ಟಿಲುಗಳು ನಲವತ್ತಾರು. ಮೂವತ್ತನಾಲ್ಕು ವರ್ಷ ಹತ್ತಿದವನಿಗೆ ಲೆಕ್ಕ ಗೊತ್ತು. ಪ್ರತಿ ಮೆಟ್ಟಿಲಿಗೂ ಊರುಗೋಲಿನ ಒಂದು ಟಕ್ಕು. ಮೂವತ್ತು ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಯಾರೋ ಒಬ್ಬ, "ಇದೂ ಪ್ರದರ್ಶನದಲ್ಲಿ ಸೇರಿದ್ದಾ?" ಅಂದ. ನನಗೆ ಓಡಿಹೋಗಬೇಕು ಅನ್ನಿಸಿತು. ಆದರೆ ಎಂಬತ್ತಮೂರರ ಮುದುಕಿಗೆ ಹೆದರಿ ಓಡಿದವನು ಅಂತ ಬೊಲೋನ್ಯಾದವರೆಗೆ ಹೆಸರಾಗುವುದು ಬೇಡವಾಗಿತ್ತು.

ಅವರು ಬಂದರು. ಕೈಯಲ್ಲಿ ಗಾಜಿನ ಚೌಕಟ್ಟು, ಅದರೊಳಗೆ ಆ ಕಾಗದ. ಮಸುಕಾದ ನೀಲಿ ಕಲೆಗಳು, ಮಧ್ಯೆ ಓದಲು ಬರುವ ಮೂರೇ ಪದ: ಅಮ್ಮ, ಬೀರು, ಎಂದಿಗೂ.

"ಇದಾ?"

"ಹೌದು ಅಮ್ಮಾವ್ರೆ."

"ಇಸ್ತ್ರಿ ಮಾಡಿದ್ದು ತೂಲ್ಲಿಯೊನಾ?"

"ಹೌದು."

"ಅದಕ್ಕೇ ಇಷ್ಟು ನೀಟಾಗಿದೆ. ನಮ್ಮ ಗ್ವಾಲ್ತಿಯೆರೊ ಯಾವತ್ತೂ ಕಾಗದ ಹೀಗೆ ಮಡಿಸಿದವನಲ್ಲ."

ಗ್ವಾಲ್ತಿಯೆರೊ ಅವರ ತಮ್ಮ, ಅಂಕೋನಾದಲ್ಲಿದ್ದವರು. ತಾಯಿ ಸತ್ತ ಮೇಲೆ ಒಂದು ಅಕ್ರೋಟಿನ ಮರದ ಬೀರುವಿಗಾಗಿ ಅಕ್ಕ ತಮ್ಮ ಜಗಳವಾಡಿ, ಆರು ವರ್ಷ ಮಾತುಬಿಟ್ಟಿದ್ದರು. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅವರು ಆ ಅಂಗಳದಲ್ಲಿ, ನನ್ನ ಕಡೆ ನೋಡದೆ, ಬಂದಿದ್ದ ಜನರಿಗೆ ಹೇಳಿದರು.

"ಆರು ವರ್ಷದ ಮೇಲೆ ಒಂದು ಕಾಗದ ಬಂತು. ತೆಗೆದು ನೋಡಿದರೆ ಹೀಗಿದೆ. ಬರೆಯುತ್ತಾ ಬರೆಯುತ್ತಾ ಅತ್ತಿದ್ದಾನೆ ಅಂದುಕೊಂಡೆ. ನನ್ನ ತಮ್ಮ, ಸಣ್ಣವನಿದ್ದಾಗ ಮರದಿಂದ ಬಿದ್ದು ಕೈ ಮುರಿದುಕೊಂಡರೂ ಅಳದವನು, ಇಷ್ಟು ಅತ್ತಿದ್ದಾನೆ ಅಂತ. ಭಾನುವಾರವೇ ಬಸ್ಸು ಹತ್ತಿ ಹೋಗಿ ಅವನ ಬಾಗಿಲು ಬಡಿದು ತಬ್ಬಿಕೊಂಡೆ. ಅಲ್ಲಿಂದ ಸಾಯೋವರೆಗೆ ಹತ್ತೊಂಬತ್ತು ಈಸ್ಟರು ಅವನು ಇಲ್ಲಿಗೆ ಬಂದ. ಹತ್ತೊಂಬತ್ತು ಸಲ ಕುರಿಮರಿ ಬೇಯಿಸಿ ಹಾಕಿದ್ದೀನಿ." ಈಗ ನನ್ನ ಕಡೆ ತಿರುಗಿದರು. "ಎಲ್ಲಾ ಕಾರಂಜಿ ನೀರಿಗೆ."

ಯಾರೂ ನಗಲಿಲ್ಲ. ಪೇಸರೊದ ಹೆಂಗಸೊಬ್ಬಳು ಕರವಸ್ತ್ರ ತೆಗೆದಳು. ನಾನು ಟೋಪಿ ಕೈಯಲ್ಲಿ ಹಿಡಿದು ತಿರುಚುತ್ತಾ ನಿಂತಿದ್ದೆ. ಸಿಞೋರಾ ಮತ್ತೆ ನಲವತ್ತಾರು ಟಕ್ಕುಗಳನ್ನು ಹತ್ತಿಹೋದರು. ಬಸ್ಸಿಗೆ ವಾಪಸು ಹೋಗುವಾಗ ಆ ಜನ ನನಗೆ ಕೊಡುವ ರೂಢಿಯ ಚಪ್ಪಾಳೆಯನ್ನೂ ಕೊಡಲಿಲ್ಲ.

ಮೂರು ವಾರ ಆ ಕಿಟಕಿ ತೆರೆಯಲಿಲ್ಲ. ಬುಟ್ಟಿ ಇಳಿಯಲಿಲ್ಲ, ಕ್ವಿಂತೊನ ಹೆಂಡತಿ ಸಾಮಾನು ಹೊತ್ತು ಮೇಲೆ ಕೊಟ್ಟು ಬರುತ್ತಿದ್ದಳು. ನಾನು ಭಾನುವಾರದ ಕೆಲಸ ಬಿಟ್ಟು ಮತ್ತೆ ಸಾರಿನ ಮುಚ್ಚಳ ತೆಗೆಯಲು ಶುರು ಮಾಡಿದೆ.

"ಹೋಗಿ ಕ್ಷಮೆ ಕೇಳು" ಅಂದಳು ಲೆತಿತ್ಸಿಯಾ.

"ಏನಂತ ಕೇಳಲಿ? ತಮ್ಮನ ಕಣ್ಣೀರು ನನ್ನ ಚೀಲದಿಂದ ಸೋರಿತು ಅಂತಲಾ?"

"ಅಷ್ಟು ಚಂದ ಮಾತು ಅಂಗಳದಲ್ಲಿ ಆಡೋಕೆ ಬರುತ್ತೆ, ಮನೆಯೊಳಗೆ ಹೋಗಿ ತಲೆ ತಗ್ಗಿಸೋಕೆ ಬರಲ್ವಾ? ತಗೋ, ಈ ಸೋಂಪಿನ ಬಿಸ್ಕತ್ತು ಒಯ್ಯಿ. ದಾರಿಯಲ್ಲಿ ನೀನೇ ತಿನ್ನಬೇಡ."

ಎರಡು ತಿಂದೆ. ಉಳಿದದ್ದನ್ನು ಒಯ್ದೆ.

ಸಿಞೋರಾ ಬಾಗಿಲು ತೆರೆದು ಬಿಸ್ಕತ್ತು ಇಸಿದುಕೊಂಡು, ಕೂರು ಅಂದರು. ನಾನು ಆ ಮನೆಯ ಒಳಗೆ ಕೂತದ್ದು ಅದೇ ಮೊದಲು. ಗೋಡೆಯ ಪಕ್ಕ ಬೀರುವಿನ ಕೆಳಗಿನ ಅರ್ಧ ಮಾತ್ರ ಇತ್ತು. ಮೇಲಿನ ಅರ್ಧ ಅಂಕೋನಾದಲ್ಲಿದೆಯಂತೆ. ರಾಜಿಯಾದ ಮೇಲೆ ಹಾಗೆ ಹಂಚಿಕೊಂಡರಂತೆ.

ನಾನು ಕ್ಷಮೆಯ ಮಾತನ್ನು ಗಂಟಲಿನವರೆಗೆ ತರುವಷ್ಟರಲ್ಲಿ ಅವರೇ ಕೇಳಿದರು: "ನಿಜ ಹೇಳು. ಬೆಂಚಿನ ಮೇಲೆ ಹರಡುವಾಗ ಅದಿನ್ನೂ ಪೂರ್ತಿ ಅಳಿಸಿರಲಿಲ್ಲ ಅಲ್ವಾ? ಓದಿದೆಯಾ?"

ಬೇರೆಯವರ ಕಾಗದ ಓದುವುದು ಅಂಚೆಯವನಿಗೆ ಎಂಥ ಪಾಪ ಅಂತ ನಿಮಗೆ ಹೇಳಬೇಕಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಅದನ್ನು ಪಾದ್ರಿಯ ಕಿವಿಗೂ ಹಾಕಿರಲಿಲ್ಲ. ಅವತ್ತು ಅಂಗಳದಲ್ಲಿ ಜನರನ್ನು ನಗಿಸುವಾಗಲೂ ಆ ಭಾಗವನ್ನು ಹಾರಿಸಿಬಿಟ್ಟಿದ್ದೆ. ನನ್ನನ್ನು ಆಡಿಕೊಳ್ಳುವುದರಲ್ಲೂ ನಾನು ಸ್ವಲ್ಪ ಮೋಸಗಾರನೇ. ಒಂದು ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು: ಅಕ್ಕಾ, ನಿನ್ನ ನೆನಪಾಗುತ್ತದೆ ಅಂತ ಬರೆದಿದ್ದರು ಎಂದು. ಅವರ ಕಣ್ಣು ನೋಡಿದೆ. ಆ ಕಣ್ಣಿನೆದುರು ಬಾಯಿಗೆ ಸುಳ್ಳು ಬರಲಿಲ್ಲ.

"ಎರಡು ಸಾಲು ಓದಿದೆ, ಅಮ್ಮಾವ್ರೆ."

"ಹೇಳು."

"ಅಮ್ಮನ ಬೀರು ನಿನಗೆ ಎಂದಿಗೂ ದಕ್ಕಲ್ಲ. ಈಸ್ಟರು ಕಳೆದ ಮೇಲೆ ವಕೀಲರ ನೋಟೀಸು ಬರುತ್ತೆ, ನಿನ್ನ ಮುಖ ನೋಡೋ ಆಸೆ ನನಗಿಲ್ಲ, ಅಂತ."

ನಾನು ನನ್ನ ಬೂಟುಗಳನ್ನು ನೋಡುತ್ತಿದ್ದೆ. ಆಮೇಲೆ ಒಂದು ಸದ್ದು ಬಂತು. ಅಳುತ್ತಿದ್ದಾರೆ ಅಂದುಕೊಂಡೆ. ತಲೆಯೆತ್ತಿದರೆ ಕೈಯಲ್ಲಿದ್ದ ಬಿಸ್ಕತ್ತು ಕೆಳಗೆ ಬಿದ್ದಿದೆ, ನಗು ತಡೆಯಲಾಗದೆ ಕೆಮ್ಮುತ್ತಿದ್ದಾರೆ.

"ಅಯ್ಯೋ ದೇವರೇ, ಅದಕ್ಕೇ ಆ ಮುಖ! ಬಾಗಿಲು ತೆಗೆದವನು ಸುಣ್ಣದ ಗೋಡೆ ಹಾಗೆ ಬಿಳಿಚಿಕೊಂಡ. ನಾನು ಜಗಳಕ್ಕೇ ಬಂದೆ ಅಂದುಕೊಂಡಿರಬೇಕು! ಅಂಥವನನ್ನ ಗಟ್ಟಿಯಾಗಿ ತಬ್ಬಿಕೊಂಡು, 'ಅಳಬೇಡ ಕಣೋ, ನಿನ್ನ ಕಾಗದ ಓದಿದೆ' ಅಂದೆ. ಏನು ಹೇಳ್ತಾನೆ ಪಾಪ! ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದ."

ಕಣ್ಣೊರೆಸಿಕೊಂಡರು. ದನಿ ತಗ್ಗಿತು.

"ಹತ್ತೊಂಬತ್ತು ವರ್ಷ, ಎಲ್ಪಿದಿಯೊ. ಪ್ರತಿ ಈಸ್ಟರಿಗೂ ಆ ಕಣ್ಣೀರಿನ ಮಾತು ಎತ್ತುತ್ತಿದ್ದೆ. ಒಂದು ಸಲವೂ ಇಲ್ಲ ಅನ್ನಲಿಲ್ಲ ಅವನು. ಇನ್ನೊಂದು ತುಂಡು ಮಾಂಸ ಹಾಕು ಅಂತಿದ್ದ. ನಾನು ಅತ್ತಿಲ್ಲ ಅಂತ ಒಂದು ಮಾತು ಹೇಳಿದ್ದರೆ ಜಗಳ ಮತ್ತೆ ಶುರುವಾಗುತ್ತಿತ್ತು. ಹೇಳಲಿಲ್ಲ. ಇಷ್ಟು ಒಳ್ಳೆಯವನು ಅಂತ ನನಗೆ ಗೊತ್ತಿರಲಿಲ್ಲ, ಕತ್ತೆ ಮಗ."

ನಾನು ಕ್ಷಮಿಸಿ ಅಂದೆ.

"ಕ್ಷಮೆ ಆಮೇಲೆ. ಭಾನುವಾರ ಎಷ್ಟು ಜನ ಬರ್ತಾರೆ?"

ಆ ಭಾನುವಾರ ಅವರು ಮುತ್ತಿನ ಸರ ಹಾಕಿಕೊಂಡು ಅಂಗಳಕ್ಕಿಳಿದರು. ನಾನು ಚರ್ಚು, ಚೌಕ ಮುಗಿಸಿ ಜನರನ್ನು ಕರೆತರುವಷ್ಟರಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕತೆಯನ್ನು ಅವರೇ ಹೇಳಿದರು. ನಾನು ಹೇಳಿದ್ದಕ್ಕಿಂತ ನೂರು ಪಾಲು ಚೆನ್ನಾಗಿ ಹೇಳಿದರು ಅನ್ನುವುದನ್ನು ಒಪ್ಪಲು ನನಗೆ ಒಂದು ಬೇಸಿಗೆ ಹಿಡಿಯಿತು. ಅವರ ಕತೆಯಲ್ಲಿ ನಾನು ವಾರ ವಾರಕ್ಕೂ ದಪ್ಪವಾಗುತ್ತಾ ಹೋದೆ. ಜೂನಿನಲ್ಲಿ ಕಾಫಿಗೆ ಸಾರಾಯಿ ಹಾಕಿಕೊಂಡವನು ಆಗಸ್ಟಿಗೆ ಸಾರಾಯಿಗೆ ಕಾಫಿ ಹಾಕಿಕೊಂಡವನಾದೆ. ತೊಟ್ಟಿಯಿಂದ ನನ್ನನ್ನು ಎತ್ತಲು ಎರಡು ಎತ್ತು ಬೇಕಾದವಂತೆ. ನಾನು ಒಮ್ಮೆ, "ಅಮ್ಮಾವ್ರೆ, ನೀರು ಮೊಣಕಾಲುದ್ದವೂ ಇರಲಿಲ್ಲ" ಅಂದೆ.

"ನೀನು ಅಂಚೆಯವನು. ತಂದುಕೊಡೋದು ನಿನ್ನ ಕೆಲಸ, ಓದೋದು ನನ್ನದು. ಸುಮ್ಮನಿರು" ಅಂದರು. ಮೂವತ್ತು ಜನ ಚಪ್ಪಾಳೆ ತಟ್ಟಿದರು.

ಅಂಕೋನಾದಿಂದ ಗ್ವಾಲ್ತಿಯೆರೊ ಅವರ ಮಗಳೂ ಒಮ್ಮೆ ಬಂದು ಕೇಳಿಹೋದಳು. ಅಪ್ಪ ಆ ವಕೀಲನಿಗೆ ಯಾವಾಗ ಬೇಡ ಅಂದರು ಅಂತ ಅವಳಿಗೆ ನೆನಪಿತ್ತು: ಅತ್ತೆ ಬಂದುಹೋದ ಮರುದಿನ ಬೆಳಗ್ಗೆ, ಫೋನಿನಲ್ಲಿ, ಅಂಗಿ ಗುಂಡಿ ಹಾಕಿಕೊಳ್ಳುತ್ತಾ. ಅದನ್ನು ಕೇಳಿದ ದಿನ ಸಿಞೋರಾ ಕತೆ ಹೇಳಲಿಲ್ಲ. ತಮ್ಮನ ಮಗಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿಹೋದರು. ನಾನು ಆ ಜನರಿಗೆ ನಾಯಿ ಕಚ್ಚಿದ್ದನ್ನೇ ಹೇಳಿ ಕಳಿಸಿದೆ.

ಈ ವರ್ಷ ಮಾರಿನೆಲ್ಲಾ ಹೊಸ ಕರಪತ್ರ ಅಚ್ಚು ಹಾಕಿಸಿದ್ದಾಳೆ. ಅದರಲ್ಲಿ ಮೇಲೆ ದೊಡ್ಡಕ್ಷರದಲ್ಲಿ ಸಿಞೋರಾ ಎರ್ಮೆಲಿಂದಾ ಬ್ರಾಂಕುಚ್ಚಿ, ಮಾರ್ಗದರ್ಶಿ ಅಂತಿದೆ. ಕೆಳಗೆ, ಶೌಚಾಲಯ ಎಲ್ಲಿದೆ ಅನ್ನುವುದರ ಪಕ್ಕ, ಸಹಾಯಕ: ಎ. ಪೆತ್ತಿನಾರೊ ಅಂತಿದೆ. ನಮ್ಮ ಮನೆತನದ ಹೆಸರು ಪೆತ್ತಿನಾರಿ, ಕೊನೆಯ ಅಕ್ಷರವೇ ತಪ್ಪು. ದೂರು ಕೊಡುತ್ತೇನೆ ಅಂತ ಹೊರಟೆ. ಲೆತಿತ್ಸಿಯಾ ಬಾಗಿಲಿಗೆ ಅಡ್ಡ ನಿಂತಳು.

"ಹಾಗೇ ಇರಲಿ ಬಿಡು. ಬೇರೆ ಯಾರೋ ಅಂದುಕೊಳ್ತಾರೆ, ನಮ್ಮನೆ ಮಾನ ಉಳೀತು" ಅಂದಳು.