ಎಣ್ಣೆಯ ಸದ್ದು ಬಲ್ಲ ಶಿವಲಿಂಗಪ್ಪ

ಟೊರೊಂಟೊದ ರೆಕ್ಸ್‌ಡೇಲಿನಲ್ಲಿ ಕಾಲೇಜಿನ ಎದುರಿಗಿದ್ದ ಫ್ರೈಡ್ ಚಿಕನ್ ಅಂಗಡಿಯಲ್ಲಿ ಹುಬ್ಬಳ್ಳಿಯ ಶಿವಲಿಂಗಪ್ಪ ಇಪ್ಪತ್ತೆರಡು ವರ್ಷ ಕೋಳಿ ಕರಿದ. ಒಂದು ಚೂರನ್ನೂ ಬಾಯಿಗಿಟ್ಟವನಲ್ಲ. ಕೊರಳಲ್ಲಿ ಲಿಂಗ, ಕೈಯಲ್ಲಿ ಕೋಳಿ. ಹೊಟ್ಟೆಪಾಡು ಯಾರನ್ನು ಎಲ್ಲಿ ತಂದು ನಿಲ್ಲಿಸುತ್ತದೋ ಹೇಳುವವರಾರು? ಉಪ್ಪು ಖಾರ ನೋಡುವುದು ಮಾಲಕಿಯ ಪಾಲು. ಅವಳು ಅಲಬಾಮಾದಿಂದ ಬಂದು ನಲವತ್ತು ವರ್ಷದ ಹಿಂದೆ ಈ ಅಂಗಡಿ ಇಟ್ಟವಳು. ಬೆಂದಿದೆಯೋ ಇಲ್ಲವೋ ಎಂಬುದನ್ನು ಮಾತ್ರ ಶಿವಲಿಂಗಪ್ಪ ಕಿವಿಯಿಂದಲೇ ಹೇಳುತ್ತಿದ್ದ. ಎಣ್ಣೆಯ ಗಲಾಟೆ ತಗ್ಗಿತೆಂದರೆ ಬುಟ್ಟಿ ಎತ್ತುತ್ತಿದ್ದ. ಲೆಕ್ಕ ತಪ್ಪಿದ್ದನ್ನು ಯಾರೂ ಕಂಡಿಲ್ಲ.

ಮನೆಯಲ್ಲಿ ಹೆಂಡತಿ ಗುರುಬಸವ್ವನದು ಒಂದೇ ಕಟ್ಟಳೆ: ಪಕ್ಕದ ಬಾಗಿಲಿನಿಂದ ಬೇಸ್‌ಮೆಂಟಿಗೆ ಇಳಿದು, ಸ್ನಾನ ಮಾಡಿಯೇ ಮೇಲೆ ಬರಬೇಕು. ಬಸವ ಜಯಂತಿಗೆ ಸೇರಿದವರು ಗಂಡನ ಕೆಲಸ ಕೇಳಿದರೆ "ಹೋಟೆಲ್‌ನ್ಯಾಗ ಕೆಲಸ" ಎಂದು ಮಾತು ಮುಗಿಸುತ್ತಿದ್ದಳು. ಆ ಅಂಗಡಿಯ ಹೊಸ್ತಿಲನ್ನು ಒಮ್ಮೆಯೂ ತುಳಿದಿರಲಿಲ್ಲ.

ಅವನು ಕೆಲಸ ಬಿಟ್ಟು ಎರಡು ವರ್ಷವಾದ ಮೇಲೆ, 2018ರ ಫೆಬ್ರವರಿಯಲ್ಲಿ, ಅಂಗಡಿ ಮುಚ್ಚುತ್ತಾರೆಂಬ ಸುದ್ದಿ ಬಂತು. ಶಿವಲಿಂಗಪ್ಪನಿಗೆ ಊಟ ಸೇರಲಿಲ್ಲ. ತಾನು ಅಷ್ಟು ವರ್ಷ ನಿಂತ ಜಾಗವನ್ನು ಇವಳು ಒಮ್ಮೆ ಕಣ್ಣಾರೆ ನೋಡಲಿ ಎಂಬುದೊಂದೇ ಆಸೆ.

"ಒಂದ್ ಸಲ ಬಾ. ಆಮ್ಯಾಲೆ ಕೇಳಂಗಿಲ್ಲ," ಎಂದ.

"ಬರ್ತೀನ್ರಿ. ಆದ್ರ ಕಾರ್‌ನ್ಯಾಗ ಕುಂದರ್ತೀನಿ."

ಹದಿನೈದು ನಿಮಿಷ ಕೂತಳು ಕೂಡ. ಆದರೆ ಟೊರೊಂಟೊದ ಚಳಿ ಯಾರ ಹಠವನ್ನೂ ಕೇಳುವುದಿಲ್ಲ. ಜಾಕೆಟಿನೊಳಗಿಂದ ಸೆರಗೆಳೆದು ಮೂಗಿಗೆ ಹಿಡಿದುಕೊಂಡು ಒಳಗೆ ಬಂದಳು. ಮಾಲಕಿ ಎದ್ದು ಕುರ್ಚಿ ಎಳೆದುಕೊಟ್ಟಳು. ಅದೇ ಕೆಂಪು ಮೇಜುಗಳು, ಪುಸ್ತಕ ಬದಿಗಿಟ್ಟು ತಿನ್ನುವ ಅದೇ ಕಾಲೇಜು ಮಕ್ಕಳು. ಹೆಂಡತಿಗೆ ಏನೇನೋ ತೋರಿಸಬೇಕೆಂದಿದ್ದ ಶಿವಲಿಂಗಪ್ಪ ತಾನು ನಿಲ್ಲುತ್ತಿದ್ದ ಜಾಗವನ್ನೇ ನೋಡುತ್ತ ಕೂತ.

ಕೌಂಟರಿನ ಹಿಂದೆ ಹೊಸ ಅಡುಗೆಯವಳು ಬುಟ್ಟಿಯನ್ನು ಎಣ್ಣೆಗಿಳಿಸಿ ಗಿರಾಕಿಯೊಡನೆ ಹರಟೆಗಿಳಿದಿದ್ದಳು.

ಗುರುಬಸವ್ವ ಸೆರಗು ಸರಿಸಿದಳು. "ಎಣ್ಣಿ ಸುಮ್ಮನಾತು. ತಗೀ ಅನ್ರಿ ಆಕಿಗೆ, ಕರ್ರಗಾಗ್ತಾವ."

ಶಿವಲಿಂಗಪ್ಪ ಕೂಗಿ ಹೇಳಿದ. ಬುಟ್ಟಿ ಮೇಲೆ ಬಂತು. ಹೊಂಬಣ್ಣ, ಹದ ಸರಿಯಾಗಿತ್ತು. ಮಾಲಕಿ ನಕ್ಕು, ಇವಳಿಗೂ ನಿನ್ನ ವಿದ್ಯೆ ಕಲಿಸಿದ್ದೀಯಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನೋ ಮ್ಯಾಡಮ್. ಶಿ ಟೀಚ್ ಮಿ," ಎಂದ ಶಿವಲಿಂಗಪ್ಪ.

ಗುರುಬಸವ್ವ ಗಂಡನ ಮುಖ ನೋಡಿದಳು. "ನಾ ಕಲಿಸಿದ್ದು ಮಿರ್ಚಿ ಭಜಿ ಕರಿಯಾಕ."

"ಅದರ ಮ್ಯಾಲೇ ಇಪ್ಪತ್ತೆರಡು ವರ್ಷ ದುಡದೆ."

ಮನೆ ಮುಟ್ಟಿದಾಗ ಶಿವಲಿಂಗಪ್ಪ ಅಭ್ಯಾಸಬಲದಿಂದ ಹಿಮ ತುಳಿಯುತ್ತ ಪಕ್ಕದ ಬಾಗಿಲಿಗೆ ನಡೆದ. ಗುರುಬಸವ್ವ ಮುಂಬಾಗಿಲು ತೆರೆದು ಹಿಡಿದುಕೊಂಡು ನಿಂತಿದ್ದಳು.

"ಈ ಕಡೆಯಿಂದ ಬರ್ರಿ," ಎಂದಳು.