ಅಮೆರಿಕಕ್ಕೆ ಹೋದ ನಕಲು

ಶೋಭಾ, ಆ ಯಂತ್ರದ ಮಾಹಿತಿಯನ್ನು ಹೊರಗೆ ಬಿಟ್ಟದ್ದು ನೀನಲ್ಲ, ನಾನು. ಇದು ನನಗೆ ಆ ದಿನವೇ ಗೊತ್ತಿತ್ತು.

ಗೋಕಾಕದ ನಮ್ಮ ಮನೆಯ ಮಾಳಿಗೆಯಲ್ಲಿ ಕೂತು ನಾವಿಬ್ಬರೂ ಯುರೋಪಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಿದ್ದೆವು. ಅಲ್ಲಿಯ ಕ್ವಾಂಟಮ್ ಕಂಪ್ಯೂಟರ್ ಮೇಲಿಂದ ಮೇಲೆ ಹದ ತಪ್ಪುವ ಯಂತ್ರ. ಮನುಷ್ಯರು ಮುಟ್ಟದೆ ಅದು ತಾನೇ ಹದಕ್ಕೆ ಬರುವಂತೆ ಪ್ರೋಗ್ರಾಮ್ ಬರೆಯುವುದು ನಮ್ಮ ಪಾಲು. ಅವರದು ಒಂದೇ ಷರತ್ತು — ಇದರ ಒಂದಕ್ಷರವೂ ಅಮೆರಿಕದ ಕಂಪನಿಗಳ ಕೈಗೆ ಹೋಗಬಾರದು. ತಮ್ಮ ಮನೆಯ ಕೀಲಿಕೈ ತಮ್ಮ ಸೊಂಟದಲ್ಲೇ ಇರಬೇಕೆಂಬ ಹಟ. ಎಷ್ಟು ಸಂಶಯದ ಜನ ಎಂದು ನಾನು ನಗುತ್ತಿದ್ದೆ.

ಒಂದು ದಿನ ಅವರ ಫೋನ್ ಬಂತು: ಗೋಕಾಕದಿಂದಲೇ ಎಲ್ಲ ಅಮೆರಿಕಕ್ಕೆ ಹೋಗುತ್ತಿದೆ. ನನ್ನ ಕಣ್ಣು ಮೊದಲು ಹೋದದ್ದು ನಿನ್ನ ಮೇಲೆ. ಫೋನ್ ಬಂದರೆ ನೀನು ಮೆಟ್ಟಿಲಿಗೆ ಎದ್ದು ಹೋಗುತ್ತಿದ್ದೆ, ದನಿ ತಗ್ಗಿಸುತ್ತಿದ್ದೆ, ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದೆ — ಎಲ್ಲವೂ ಪುರಾವೆಯಂತೆ ಕಂಡವು. ನಮ್ಮದು ಬಸವಣ್ಣನ ಹೆಸರು ಹೇಳುವ ಮನೆ. ಆದರೂ ಮೂಡಲಗಿಯ ಬೌದ್ಧರ ಹುಡುಗಿಯೆಂದು ಅವ್ವ ನಿನಗೆ ಬೇರೆ ಲೋಟ ಇಟ್ಟಿದ್ದಳು. ನಾನು ನೋಡಿಯೂ ಸುಮ್ಮನಿದ್ದೆ. ನನ್ನ ಅನುಮಾನದಲ್ಲಿ ಆ ಲೋಟವೂ ಇತ್ತು — ಇಲ್ಲವೆನ್ನಲಾರೆ.

ಇದನ್ನು ವಿಚಾರಿಸಲು ಅವರು ವಿಡಿಯೊದಲ್ಲಿ ಕರೆದಿದ್ದ ಮೀಟಿಂಗ್‌ಗೆ ಸ್ವಲ್ಪ ಮೊದಲು ಕರೆಂಟ್ ಹೋಯಿತು. ಆಗ ನೆನಪಾಯಿತು. ಹೀಗೆ ಕರೆಂಟ್ ಹೋದಾಗಲೆಲ್ಲ ಕೆಲಸ ಅಳಿಸಿಹೋಗುತ್ತದೆಂದು, ಎಲ್ಲದರ ನಕಲು ತಾನಾಗಿಯೇ ಬೇರೆ ಕಡೆ ಉಳಿಯುವಂತೆ ಬಹಳ ಹಿಂದೆ ನಾನೇ ಮಾಡಿಟ್ಟಿದ್ದೆ. ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಕ್ಕ ಜಾಗ. ಅಮೆರಿಕದ ಕಂಪನಿಯದು.

ಕರೆಂಟ್ ಬಂದ ಕೂಡಲೇ ಆ ಏರ್ಪಾಡನ್ನು ಸದ್ದಿಲ್ಲದೆ ಅಳಿಸಿದೆ. ಇಬ್ಬರಿಗೂ ಒಂದೇ ಕಂಪ್ಯೂಟರ್, ಒಂದೇ ಪಾಸ್‌ವರ್ಡ್ — ಯಾರ ಕೆಲಸವೆಂದು ಅವರಿಗೆ ತಿಳಿಯುವಂತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವನು ನಾನು. ಆದರೆ ನನ್ನ ಕೈ ಅಲುಗಲಿಲ್ಲ.

ಯಾರೆಂದು ಅವರು ಕೇಳಿದಾಗ ನೀನು ನನ್ನ ಕಡೆ ತಿರುಗಿದೆ.

"ಅಣ್ಣಾರ, ನೀವರ ಹೇಳ್ರಿ, ನಾ ಅಂಥಾಕಿ ಅಲ್ಲಂತ."

"ಒಬ್ಬರ ಮನಸಿನ್ಯಾಗಿಂದು ಇನ್ನೊಬ್ಬರಿಗೆ ಹೆಂಗ ಗೊತ್ತಾಗಬೇಕವಾ?" ಎಂದೆ ನಾನು.

ಅವರಿಗೆ ಕನ್ನಡ ತಿಳಿಯದಿದ್ದರೂ ನನ್ನ ಮುಖ ತಿಳಿಯಿತು. ಅಂದೇ ನಿನ್ನನ್ನು ತೆಗೆದರು. ಹೋಗುವಾಗ ನೀನು ಆ ಲೋಟವನ್ನು ತೊಳೆದು ಬೋರಲಿಟ್ಟು ಹೋದೆ.

ಮೆಟ್ಟಿಲ ಮೇಲೆ ಯಾರೊಂದಿಗೆ ಮಾತಾಡುತ್ತಿದ್ದೆಯೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳುವ ಹಕ್ಕು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಹೋದ ವಾರ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕೆ. ಹುಕ್ಕೇರಿಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿರುವೆ ಎಂದು ತಿಳಿಯಿತು. "ಕಡೀಕ ಯಾರಂತ ಗೊತ್ತಾತೇನ್ರಿ, ಅಣ್ಣಾರ?" ಎಂದು ಕೇಳಿದೆ. "ಇಲ್ಲವಾ" ಎಂದುಬಿಟ್ಟೆ ನಾನು. ಬಸ್ ಹತ್ತುವ ತನಕ ನೀನು ನನ್ನ ಮುಖವನ್ನೇ ನೋಡಿದೆ.

ಇಂದು ಆ ಕಂಪನಿಗೆ ಎಲ್ಲವನ್ನೂ ತಿಳಿಸಿದ್ದೇನೆ. ನಾಳೆ ಹುಕ್ಕೇರಿಗೆ ಬಂದು ನಿನ್ನ ಎದುರಿಗೇ ಹೇಳುತ್ತೇನೆ. ನೀನು ನಂಬಲೇಬೇಕೆಂದಿಲ್ಲ — ನನ್ನನ್ನು ನಂಬು ಎಂದು ನಿನಗೆ ಹೇಳಲು ನನಗೆ ಬಾಯಿಲ್ಲ.