ಏಳ್ತೀನಿ ಮಿಸ್

ಮಗಳನ್ನು ಶಾಲೆ ಬಿಡಿಸಿದ್ದು ಒಂದು ಅಕ್ಷರದ ಜಗಳಕ್ಕೆ ಅಂದರೆ ಯಾರೂ ನಂಬುವುದಿಲ್ಲ. ಆ ಅಕ್ಷರ ‘ಹ’. ನಮ್ಮ ಕಡೆಯವರ ಬಾಯಲ್ಲಿ ಅದು ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೋಗು ಓಗಾಗುತ್ತದೆ, ಹೇಳು ಏಳಾಗುತ್ತದೆ. ನಾನೂ ಗಂಡನೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ಮಗಳು ಐದು ವರ್ಷದವರೆಗೆ ನಮ್ಮೂರು ಅಗರದಲ್ಲಿ ನನ್ನ ಅವ್ವನ ಹತ್ತಿರ ಬೆಳೆದಳು. ಅವಳ ಬಾಯಲ್ಲಿ ಇದ್ದದ್ದೆಲ್ಲ ಅವ್ವನ ಮಾತೇ. ಕೊಳ್ಳೇಗಾಲಕ್ಕೆ ಕರೆತಂದು ಶಾಲೆಗೆ ಸೇರಿಸಿದಾಗಲೂ ದಿನವಿಡೀ ವಟವಟ ಅನ್ನುತ್ತಿದ್ದಳು.

ಎರಡನೇ ತರಗತಿಯಲ್ಲಿ ಒಂದು ದಿನ ಟೀಚರ್ ಪದ್ಯ ಯಾರು ಹೇಳುತ್ತೀರಿ ಎಂದು ಕೇಳಿದರಂತೆ. ನನ್ನ ಮಗಳು ಕೂತಲ್ಲಿಂದಲೇ ಕೈ ಎತ್ತಿ ‘ಏಳ್ತೀನಿ ಮಿಸ್’ ಅಂದಳಂತೆ. ‘ಏಳ್ತೀಯಾ? ಸರಿ, ಎದ್ದೇ ನಿಂತಿರು’ ಅಂದರಂತೆ ಅವರು. ತಮಾಷೆಗೇ ಅಂದಿರಬೇಕು. ಆದರೆ ತರಗತಿಯೆಲ್ಲ ನಕ್ಕಿತು, ಇವಳು ಗಂಟೆ ಹೊಡೆಯುವವರೆಗೂ ನಿಂತೇ ಇದ್ದಳು. ಮಾರನೇ ದಿನದಿಂದ ಮಕ್ಕಳು ಇವಳನ್ನು ‘ಏಳ್ತೀನಿ’ ಅಂತಲೇ ಕರೆಯತೊಡಗಿದರು.

ಹೆದರಿದ ಮಗು ಕಂಡಕಂಡಲ್ಲೆಲ್ಲ ಹಕಾರ ಸೇರಿಸತೊಡಗಿತು. ಒಂದು ಸಂಜೆ ‘ಹಮ್ಮ, ಹನ್ನ ಹಾಕು’ ಅಂದಳು. ನಾನು ಪಾಪಿ, ಬಿದ್ದು ಬಿದ್ದು ನಕ್ಕೆ. ಅವಳ ಕಾಪಿ ಪುಸ್ತಕದಲ್ಲಿ ‘ಅಕ್ಕಿ ಮರದ ಮೇಲೆ ಕುಳಿತಿದೆ, ಹಜ್ಜಿ ಹಕ್ಕಿ ಬೇಯಿಸಿದಳು’ ಎಂದಿತ್ತು. ಸುತ್ತ ಕೆಂಪು ಶಾಯಿಯ ಗೆರೆ. ಅದಾಗಿ ಒಂದು ವಾರಕ್ಕೆ ಅವಳು ಮಾತೇ ನಿಲ್ಲಿಸಿದಳು. ಬೇಕು, ಬೇಡ ಅನ್ನುವುದಕ್ಕೂ ತಲೆ ಆಡಿಸುವುದೇ. ಡಾಕ್ಟರು ಗಂಟಲು ನೋಡಿ ಏನೂ ಇಲ್ಲ ಅಂದರು.

ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ನೇರ ಶಾಲೆಗೆ ಹೋಗಿ ಟಿ.ಸಿ. ಕೇಳಿದೆ. ಹೆಡ್‌ಮೇಡಂ ಒಳ್ಳೆಯವರು, ಟೀಚರ್ ಜೊತೆ ಮಾತಾಡುತ್ತೇನೆ, ಸ್ವಲ್ಪ ದಿನ ತಡೆಯಿರಿ ಅಂದರು. ನಾನು ಕೇಳಬೇಕಲ್ಲ. ಕಾರಣ ಬರೆಯುವ ಜಾಗದಲ್ಲಿ ‘ಮನೆಯಲ್ಲೇ ಓದಿಸಲು’ ಎಂದು ಒತ್ತಿ ಬರೆದೆ. ಪಾಠ ಮಾಡಿ ಅಭ್ಯಾಸವಿದೆಯಾ ಎಂದು ಅವರು ಕೇಳಿದ್ದಕ್ಕೆ, ನಾನು ಅವಳ ತಾಯಿ ಅಂದುಬಿಟ್ಟೆ. ಹನೂರಿನ ಆಫೀಸಿನಿಂದ ಸಂಜೆ ಮನೆಗೆ ಬಂದ ಗಂಡ, ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುತ್ತದೆಯೇ ಎಂದು ಗೊಣಗಿದರು. ನಾನು ಕೆಲಸವನ್ನೂ ಬಿಟ್ಟೆ.

ಅಡುಗೆಮನೆಯ ಗೋಡೆಗೆ ಕಪ್ಪು ಹಲಗೆ ಹಾಕಿಸಿದೆ. ಟೈಮ್‌ಟೇಬಲ್ ಬರೆದೆ. ಮೂರನೇ ದಿನ ಚಿತ್ರವೊಂದನ್ನು ತೋರಿಸಿದಾಗ ಮಗಳು ಬಲು ಮೆಲ್ಲಗೆ ‘ಊವು’ ಅಂದಳು. ಎಷ್ಟು ದಿನದ ಮೇಲೆ ಒಂದು ಮಾತು! ನಾನು ಯೋಚಿಸುವ ಮೊದಲೇ ನನ್ನ ನಾಲಿಗೆ ‘ಹೂವು ಅನ್ನಮ್ಮಾ’ ಅಂದಿತ್ತು. ಅವಳು ಬಾಯಿ ಮುಚ್ಚಿಕೊಂಡಳು. ಆ ವಾರ ಇನ್ನೂ ಎರಡು ಸಲ ಹೀಗೇ ಆಯಿತು.

ಇದಕ್ಕೊಂದು ಹಿಂದಿನ ಕಥೆಯಿದೆ. ಓದಲೆಂದು ಮೈಸೂರಿನ ಹಾಸ್ಟೆಲಿಗೆ ಹೋದಾಗ ನನ್ನ ಮಾತಿಗೂ ರೂಮಿನವರು ನಕ್ಕಿದ್ದರು. ಬಚ್ಚಲಿನ ಬಾಗಿಲು ಹಾಕಿಕೊಂಡು, ಬಾಯಿಯ ಮುಂದೆ ಅಂಗೈ ಹಿಡಿದು, ಉಸಿರು ತಾಗುವವರೆಗೆ ಹ, ಹಾ, ಹಿ, ಹೀ ಎಂದು ಕಲಿತವಳು ನಾನು. ಅವತ್ತು ಬಿಟ್ಟ ಊರಿನ ಮಾತನ್ನು ಮತ್ತೆ ಆಡಿರಲಿಲ್ಲ, ಅವ್ವನ ಮುಂದೆ ಕೂಡ. ಮಗಳಿಗೆ ಆ ಅವಮಾನ ತಪ್ಪಲಿ ಎಂದೇ ತಿದ್ದುತ್ತಿದ್ದೇನೆ ಅಂದುಕೊಂಡಿದ್ದೆ.

ತಿಂಗಳು ಕಳೆದರೂ ಅವಳು ಬಾಯಿ ಬಿಡಲಿಲ್ಲ. ಈ ಮಗು ಇನ್ನು ಮಾತಾಡುವುದೇ ಇಲ್ಲವೇನೋ ಎಂಬ ಭಯ ಹತ್ತಿ ಅವಳನ್ನು ಅಗರಕ್ಕೆ ಕರೆದುಕೊಂಡು ಹೋದೆ. ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಜಗಲಿಯಲ್ಲಿ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಅಲ್ಲಿಂದ ಮಗಳ ದನಿ ಬಂತು. ಯಾವುದೋ ಬೆಕ್ಕು ಆಲು ಕುಡಿದದ್ದು, ಅಟ್ಟ ಅತ್ತಿದ್ದು, ಎಲ್ಲ ಎಡೆಬಿಡದೆ ಹರಿಯುತ್ತಿತ್ತು. ಒದ್ದೆ ಕೈಯಲ್ಲೇ ಓಡಿದೆ. ನನ್ನನ್ನು ಕಂಡದ್ದೇ ತಡ, ಅವಳು ತುಟಿ ಬಿಗಿದು ಅವ್ವನ ಸೆರಗಿನ ಹಿಂದೆ ಸರಿದಳು.

ಹೊಸ್ತಿಲಲ್ಲೇ ನಿಂತೆ. ಸಿಟ್ಟು ಬಂತು, ಆದರೆ ಈ ಸಲ ತಪ್ಪು ಹೊರಿಸಲು ಯಾರೂ ಇರಲಿಲ್ಲ.

ಅವ್ವ ತಲೆ ಎತ್ತದೆ ಅಂದಳು: ‘ನೀನೂ ಮಿಸ್ಸೇ ಆಗೋದ್ರೆ ಆ ಮಗೀಗೆ ಅವ್ವ ಯಾರು ಮಗ?’

ಮೊರದ ಪಕ್ಕ ಕೂತು ಕಾಯಿ ಸುಲಿದೆ. ಮೊರದಲ್ಲಿದ್ದ ಕಾಯಿ ಅರ್ಧ ಮುಗಿಯಿತು. ಕೊನೆಗೆ ನಾಚಿಕೆಯನ್ನು ನುಂಗಿ, ಅಷ್ಟು ವರ್ಷ ಬಾಯಿಗೆ ತಾರದ ಮಾತಿನಲ್ಲಿ ಕೇಳಿದೆ: ‘ಆಮ್ಯಾಕೆ ಆ ಬೆಕ್ಕು ಎಲ್ಲಿಗ್ ಓಯ್ತು ಮಗ?’

ಅವಳು ನನ್ನ ಬಾಯನ್ನೇ ನೋಡಿದಳು. ಸೆರಗು ಬಿಟ್ಟು ಹತ್ತಿರ ಬಂದಳು.

‘ನಿಂಗೂ ಬತ್ತದಾ?’

‘ಬತ್ತದೆ ಕಣ್ ಮಗ.’

ಮೊರದಿಂದ ಒಂದು ಕಾಯಿ ಎತ್ತಿಕೊಂಡು ಕೇಳಿದಳು: ‘ಮತ್ಯಾಕೆ ಇಷ್ಟ್ ದಿನ ನನ್ ಕೂಟೆ ಇಂಗೆ ಮಾತಾಡ್ನಿಲ್ಲ?’